ದೊಡ್ಡ ಅಸಲು, ಸಣ್ಣ ಬಡ್ಡಿ

ಉತ್ತರ ಅಮೆರಿಕದ ಭೂಪಟವನ್ನು ಬಿಡಿಸಿ ಕೆನಡಾ ದೇಶದ ವಾಯವ್ಯ ಭಾಗದತ್ತ ಕಣ್ಣು ಹಾಯಿಸಿದರೆ, ಆರ್ಕ್ಟಿಕ್ ವೃತ್ತದ ಗೆರೆಯು ಒಂದು ದೊಡ್ಡ ನೀಲಿ ಮಚ್ಚೆಯ ಉತ್ತರ ಭಾಗವನ್ನು ಹಾದುಹೋಗುವುದು ಕಾಣುತ್ತದೆ. ಐದು ತೋಳುಗಳನ್ನು ಐದು ಕಡೆಗೆ ಚಾಚಿ ಮಲಗಿದಂತಿರುವ ಆ ಮಚ್ಚೆಯೇ ಗ್ರೇಟ್ ಬೇರ್, ಅಂದರೆ ಮಹಾ ಕರಡಿಯ ಸರೋವರ. ಅದರ ವಿಸ್ತಾರ ಸುಮಾರು 31,000 ಚದರ ಕಿಲೋಮೀಟರ್. ನಮ್ಮ ಕರ್ನಾಟಕದ ಆರನೆಯ ಒಂದು ಪಾಲಿನಷ್ಟು. ಅದರ ಅತ್ಯಂತ ಆಳವಾದ ಜಾಗದಲ್ಲಿ ನೀರು 446 ಮೀಟರ್ ಇದೆ. ಸಂಪೂರ್ಣವಾಗಿ ಕೆನಡಾದ ಗಡಿಯೊಳಗೇ ಇರುವ ಸರೋವರಗಳಲ್ಲಿ ಇದಕ್ಕಿಂತ ದೊಡ್ಡದು ಬೇರೊಂದಿಲ್ಲ. ಇಷ್ಟು ದೊಡ್ಡ ನೀರಿನ ದಡದಲ್ಲಿ ಜನ ನೆಲೆಸಿರುವ ಊರು ಒಂದೇ ಒಂದು: ಡೆಲಿನೆ. ಅಲ್ಲಿ ವಾಸವಾಗಿರುವವರು ಐದಾರು ನೂರು ಮಂದಿ. ಅವರಲ್ಲಿ ಹೆಚ್ಚಿನವರು ಸಾಹ್ತು ಡೆನೆ ಎಂಬ ಮೂಲನಿವಾಸಿಗಳು. ಚಳಿಗಾಲದಲ್ಲಿ ಹಿಮದ ಮೇಲೆ ಮಾಡಿಕೊಳ್ಳುವ ದಾರಿಯನ್ನು ಬಿಟ್ಟರೆ ಆ ಊರಿಗೆ ರಸ್ತೆಯೂ ಇಲ್ಲ.

ಇಷ್ಟು ನೀರು, ಇಷ್ಟು ಕಡಿಮೆ ಜನ! ಅಲ್ಲಿ ಮೀನಿನ ಸಂಪತ್ತು ಎಷ್ಟಿರಬೇಡ? ಎಷ್ಟು ಹಿಡಿದರೂ ಮುಗಿಯದಷ್ಟು ಇರಬೇಕಲ್ಲವೆ? ಈ ವಿಚಾರವನ್ನು ಮೊದಲು ಓದಿದಾಗ ನಮಗೂ ಹಾಗೆಯೇ ಅನಿಸಿತು. ಅದು ತಪ್ಪು ಎಣಿಕೆಯೆಂಬುದು ಅನಂತರ ತಿಳಿಯಿತು. ಆ ತಪ್ಪು ಜೀವಶಾಸ್ತ್ರಕ್ಕೆ ಮಾತ್ರ ಸೇರಿದ್ದಲ್ಲ. ಭೌತಶಾಸ್ತ್ರವನ್ನು ಕಲಿಸುವ ನಮಗೂ ಕಲಿಯುವ ನಿಮಗೂ ಸೇರಿದ್ದು. ಒಂದು ವಸ್ತು ಎಷ್ಟಿದೆ ಎಂಬ ಪ್ರಶ್ನೆಯೇ ಬೇರೆ, ಅದು ಎಷ್ಟು ವೇಗವಾಗಿ ಮತ್ತೆ ಹುಟ್ಟುತ್ತದೆ ಎಂಬ ಪ್ರಶ್ನೆಯೇ ಬೇರೆ. ಮೊದಲನೆಯದು ಅಸಲು, ಎರಡನೆಯದು ಬಡ್ಡಿ. ಗ್ರೇಟ್ ಬೇರ್ ಸರೋವರದ ಅಸಲು ಬಹಳ ದೊಡ್ಡದು, ಬಡ್ಡಿ ಬಹಳ ಸಣ್ಣದು. ಇದನ್ನು ಮರೆತವರು ಅಲ್ಲಿ ಏನು ಮಾಡಿದರು, ಇದರಿಂದ ನಾವು ಏನನ್ನು ಕಲಿಯಬೇಕು ಎಂಬುದೇ ಈ ಲೇಖನದ ವಿಷಯ.

ಹಿಮವು ಕೊರೆದ ಕೊಪ್ಪರಿಗೆ

ಈ ಸರೋವರವು ಎರಡು ಬಗೆಯ ನೆಲಗಳು ಕೂಡುವ ಕಡೆ ಇದೆ. ಅದರ ಪೂರ್ವ ದಡವು ಕೆನಡಾದ ಪುರಾತನ ಶಿಲಾಕವಚಕ್ಕೆ ಸೇರಿದ್ದು. ಅಲ್ಲಿ ಗಟ್ಟಿ ಬಂಡೆಗಳ ಕಡಿದಾದ ತೀರವನ್ನು ಕಾಣುತ್ತೇವೆ. ಪಶ್ಚಿಮ ದಡವು ಅದಕ್ಕಿಂತ ಎಳೆಯದಾದ, ಮೆದುವಾದ ಪದರಶಿಲೆಗಳ ಬಯಲು. ಕಳೆದ ಹಿಮಯುಗದಲ್ಲಿ ಕೆನಡಾದ ಬಹುಭಾಗವನ್ನು ಲಾರೆಂಟೈಡ್ ಎಂಬ ಹಿಮದ ಹಾಸು ಮುಚ್ಚಿತ್ತು. ಕಿಲೋಮೀಟರುಗಟ್ಟಲೆ ದಪ್ಪವಾದ ಆ ಹಾಸು ಮೆಲ್ಲಮೆಲ್ಲನೆ ಜರುಗುತ್ತ, ತನ್ನ ತಳದಲ್ಲಿ ಹುದುಗಿದ್ದ ಕಲ್ಲುಗಳನ್ನೇ ಉಳಿಯಂತೆ ಬಳಸಿ ನೆಲವನ್ನು ಕೊರೆಯಿತು. ಅದು ಎಷ್ಟು ಆಳಕ್ಕೆ ಕೊರೆದಿತ್ತೆಂಬುದನ್ನು ನೀವೇ ಲೆಕ್ಕ ಹಾಕಬಹುದು. ಸರೋವರದ ಮೇಲ್ಮೈ ಸಮುದ್ರಮಟ್ಟಕ್ಕಿಂತ ಸುಮಾರು 156 ಮೀಟರ್ ಎತ್ತರದಲ್ಲಿದೆ, ಆಳ 446 ಮೀಟರ್. ಆದುದರಿಂದ ಅದರ ತಳವು ಸಮುದ್ರಮಟ್ಟಕ್ಕಿಂತ ಸುಮಾರು 290 ಮೀಟರ್ ಕೆಳಗಿದೆ.

ಹಿಮವು ಕರಗುತ್ತ ಹಿಂದೆ ಸರಿದಾಗ ಅದರ ಅಂಚಿನಲ್ಲಿ ಒಂದು ಮಹಾಸರೋವರ ನಿಂತಿತು. ಭೂವಿಜ್ಞಾನಿಗಳು ಅದನ್ನು ಮೆಕಾನೆಲ್ ಸರೋವರವೆಂದು ಕರೆಯುತ್ತಾರೆ. ಇಂದು ಬೇರೆಬೇರೆಯಾಗಿರುವ ಗ್ರೇಟ್ ಬೇರ್, ಗ್ರೇಟ್ ಸ್ಲೇವ್, ಅಥಬಾಸ್ಕ ಸರೋವರಗಳ ತಗ್ಗುಗಳೆಲ್ಲ ಆಗ ಅದೊಂದೇ ನೀರಿನಡಿ ಇದ್ದವು. ಹಿಮದ ಭಾರ ತೊಲಗಿದ ಮೇಲೆ, ಒತ್ತಿ ಹಿಡಿದ ಹಾಸಿಗೆಯ ಮೇಲಿಂದ ಕೈ ತೆಗೆದಂತೆ ನೆಲವು ನಿಧಾನವಾಗಿ ಮೇಲೆದ್ದಿತು. ಮಹಾಸರೋವರವು ಇಳಿದು, ಸುಮಾರು ಎಂಟು ಸಾವಿರ ವರ್ಷಗಳ ಹಿಂದೆ ಬೇರೆ ಬೇರೆ ಸರೋವರಗಳಾಗಿ ಒಡೆಯಿತು. ಇಂದಿನ ಮೀನುಗಳ ಪೂರ್ವಿಕರು ಅಲ್ಲಿಗೆ ಬಂದದ್ದು ಈ ಹಿಮದ ನೀರಿನ ದಾರಿಯಲ್ಲಿಯೇ. ಭೂಮಿಯ ಇತಿಹಾಸದಲ್ಲಿ ಇದೆಲ್ಲ ನಿನ್ನೆ ಮೊನ್ನೆಯ ಮಾತು.

ನಾಲ್ಕು ಡಿಗ್ರಿಯ ರಾಜ್ಯ

ನೀರು ಅತ್ಯಂತ ಸಾಂದ್ರವಾಗಿರುವುದು 4 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಎಂಬುದನ್ನು ನೀವು ಪ್ರೌಢಶಾಲೆಯಲ್ಲಿಯೇ ಓದಿರುವಿರಿ. ಈ ನಿಯಮವನ್ನು ಹೇಳುವಾಗ ತರಗತಿಯಲ್ಲಿ ನಾವು ಕಪ್ಪುಹಲಗೆಯ ಮೇಲೆ ಒಂದು ವಕ್ರರೇಖೆಯನ್ನು ಎಳೆದು ಮುಂದೆ ಸಾಗುತ್ತೇವೆ. ನೀರು ಹೆಪ್ಪುಗಟ್ಟುವುದನ್ನು ಹೊರಗೆಲ್ಲೂ ಕಾಣದ ನಮ್ಮ ವಿದ್ಯಾರ್ಥಿಗಳಿಗೆ ಅದು ಪರೀಕ್ಷೆಗೆ ಬೇಕಾದ ಒಂದು ಗೆರೆ ಮಾತ್ರ. ಗ್ರೇಟ್ ಬೇರ್ ಸರೋವರದಲ್ಲಿ ಅದೇ ಗೆರೆಯು ಪ್ರತಿಯೊಂದು ಜೀವಿಯ ಬಾಳನ್ನೂ ಆಳುತ್ತದೆ.

ನವೆಂಬರ್ ತಿಂಗಳಿನಿಂದ ಜೂನ್ ಕೊನೆ ಅಥವಾ ಜುಲೈವರೆಗೆ ಸರೋವರದ ಮೇಲೆ ಮಂಜುಗಡ್ಡೆ ಇರುತ್ತದೆ. ಅದರ ಅಡಿಯಲ್ಲಿ ನೀರು ತಣ್ಣಗಿದ್ದರೂ ದ್ರವವಾಗಿಯೇ ಉಳಿಯುತ್ತದೆ. 4 ಡಿಗ್ರಿಗೆ ಹತ್ತಿರವಾದ ಭಾರವಾದ ನೀರು ತಳದಲ್ಲಿಯೂ ಅದಕ್ಕಿಂತ ತಣ್ಣಗಿನ ಹಗುರವಾದ ನೀರು ಮೇಲೂ ನಿಲ್ಲುತ್ತವೆ. ಇಲ್ಲಿ ಪಠ್ಯಪುಸ್ತಕದಲ್ಲಿ ಸಾಮಾನ್ಯವಾಗಿ ಬರದ ಒಂದು ಸೂಕ್ಷ್ಮವುಂಟು. ಒತ್ತಡ ಹೆಚ್ಚಿದಂತೆಲ್ಲ ಅತ್ಯಂತ ಸಾಂದ್ರತೆಯ ಉಷ್ಣತೆಯು ಇಳಿಯುತ್ತದೆ. ಪ್ರತಿ 100 ಮೀಟರ್ ಆಳಕ್ಕೆ ಸುಮಾರು 0.2 ಡಿಗ್ರಿಯಷ್ಟು. ಆದುದರಿಂದ 400 ಮೀಟರ್ ಆಳದಲ್ಲಿ ಅತ್ಯಂತ ಭಾರವಾದ ನೀರಿನ ಉಷ್ಣತೆ 4 ಡಿಗ್ರಿಯಲ್ಲ, ಸುಮಾರು 3.2 ಡಿಗ್ರಿ. ಆ ಆಳದಲ್ಲಿ ಚಳಿಗಾಲ ಬೇಸಿಗೆಗಳೆಂಬ ಭೇದವೇ ಇಲ್ಲವೆನ್ನಬಹುದು.

ಬೇಸಿಗೆಯಲ್ಲಿ ಸೂರ್ಯನು ದಿನವೆಲ್ಲ ಬೆಳಗಿದರೂ ಅವನ ಶಾಖದ ಬಹುಪಾಲು ಮಂಜುಗಡ್ಡೆಯನ್ನು ಕರಗಿಸುವುದರಲ್ಲಿಯೇ ವೆಚ್ಚವಾಗುತ್ತದೆ. ಉಳಿದದ್ದು ಅಪಾರವಾದ ನೀರಿನ ರಾಶಿಯಲ್ಲಿ ಹಂಚಿಹೋಗುತ್ತದೆ. ದಡದ ಹತ್ತಿರದ ಕೊಲ್ಲಿಗಳು ಸ್ವಲ್ಪ ಬೆಚ್ಚಗಾಗುತ್ತವೆ. ನಡುಸರೋವರದ ನೀರು ಮಾತ್ರ ಬೇಸಿಗೆಯಲ್ಲಿಯೂ 4 ಡಿಗ್ರಿಯ ಆಸುಪಾಸಿನಲ್ಲಿಯೇ ತೊಳಲುತ್ತದೆ.

ಇನ್ನೊಂದು ಸಣ್ಣ ಲೆಕ್ಕವನ್ನು ಮಾಡೋಣ. ಸರೋವರದಲ್ಲಿರುವ ನೀರು ಸುಮಾರು 2,200 ಘನ ಕಿಲೋಮೀಟರ್. ಅದು ಹೊರಬೀಳುವ ದಾರಿ ಒಂದೇ: ಡೆಲಿನೆಯ ಬಳಿ ಹೊರಟು ಮೆಕೆಂಜಿ ನದಿಯನ್ನು ಸೇರುವ ಗ್ರೇಟ್ ಬೇರ್ ನದಿ. ಆ ನದಿ ಸೆಕೆಂಡಿಗೆ 500 ಘನ ಮೀಟರಿಗಿಂತ ತುಸು ಹೆಚ್ಚು ನೀರನ್ನು ಸಾಗಿಸುತ್ತದೆ. ವರ್ಷಕ್ಕೆ ಅದು 16 ಅಥವಾ 17 ಘನ ಕಿಲೋಮೀಟರ್ ಆಯಿತು. ಭಾಗಿಸಿ ನೋಡಿ: ಸರೋವರದ ನೀರು ಒಮ್ಮೆ ಬದಲಾಗಲು ಸುಮಾರು 130 ವರ್ಷಗಳು ಬೇಕು. ಇಂದು ಅಲ್ಲಿಗೆ ಬಿದ್ದ ಒಂದು ಹನಿಯು ಹೊರಗೆ ಹೋಗುವ ಹೊತ್ತಿಗೆ ಸರಾಸರಿಯಲ್ಲಿ ನಮ್ಮ ಮೊಮ್ಮಕ್ಕಳ ಕಾಲವೂ ಕಳೆದಿರುತ್ತದೆ.

ಮೀನುಗಳ ಮಂದಗತಿ

ಇಂತಹ ನೀರಿನಲ್ಲಿ ಬದುಕುವ ಮೀನುಗಳ ಜಾತಿಗಳು ಹೆಚ್ಚೇನಿಲ್ಲ, ಹದಿನೈದರ ಆಸುಪಾಸು. ಎಲ್ಲಕ್ಕೂ ಮೇಲಿನ ಬೇಟೆಗಾರ ಲೇಕ್ ಟ್ರೌಟ್. ಅದಲ್ಲದೆ ವೈಟ್‌ಫಿಶ್ ಎಂಬ ಬೆಳ್ಳಿಬಣ್ಣದ ಮೀನು, ಹಿಂಡುಹಿಂಡಾಗಿ ಅಲೆಯುವ ಸಿಸ್ಕೊ, ಹೊಳೆಯ ಬಾಯಿಗಳಲ್ಲಿ ಇರುವ ಗ್ರೇಲಿಂಗ್, ಬೆಚ್ಚಗಿನ ಕೊಲ್ಲಿಗಳ ಜೊಂಡಿನಲ್ಲಿ ಹೊಂಚುವ ಪೈಕ್, ತಳದಲ್ಲಿ ತಿರುಗುವ ಬರ್ಬಟ್ ಇವೆ. ಆಳದಲ್ಲಿ ಸ್ಕಲ್ಪಿನ್ ಎಂಬ ದೊಡ್ಡ ತಲೆಯ ಸಣ್ಣ ಮೀನೊಂದಿದೆ. ಅದರ ಅತಿ ಹತ್ತಿರದ ನಂಟರು ಇರುವುದು ಆರ್ಕ್ಟಿಕ್ ಸಮುದ್ರದಲ್ಲಿ. ಹಿಮಯುಗವು ಹೋಗುವಾಗ ಬಿಟ್ಟುಹೋದ ಗುರುತು ಎಂದು ಅದನ್ನು ತಿಳಿಯಬಹುದು.

ಮೀನು ಶೀತರಕ್ತದ ಪ್ರಾಣಿ. ಉಷ್ಣತೆಯು 10 ಡಿಗ್ರಿ ಇಳಿದರೆ ಅಂತಹ ಪ್ರಾಣಿಯ ದೇಹದ ರಾಸಾಯನಿಕ ಕ್ರಿಯೆಗಳ ವೇಗವು ಸ್ಥೂಲವಾಗಿ ಅರ್ಧಕ್ಕೋ ಮೂರನೆಯ ಒಂದು ಪಾಲಿಗೋ ಇಳಿಯುತ್ತದೆ. ಚಳಿನೀರಿನ ಮೀನುಗಳ ದೇಹವು ಇದಕ್ಕೆ ಬೇಕಾದ ಹೊಂದಾಣಿಕೆಯನ್ನು ಸ್ವಲ್ಪಮಟ್ಟಿಗೆ ಮಾಡಿಕೊಂಡಿರುವುದು ನಿಜ. ಆದರೆ ಆಹಾರದ ಕೊರತೆಗೆ ಹೊಂದಾಣಿಕೆಯೆಲ್ಲಿ? ಗಟ್ಟಿ ಬಂಡೆಯಿಂದ ನೀರಿಗೆ ಇಳಿಯುವ ಪೋಷಕ ಲವಣಗಳು ಅತ್ಯಲ್ಪ. ಬೆಳಕು ನೀರಿಗೆ ಸರಾಗವಾಗಿ ಇಳಿಯುವ ಕಾಲವೂ ವರ್ಷದಲ್ಲಿ ಕೆಲವೇ ತಿಂಗಳು. ಆದುದರಿಂದ ಬರಿಗಣ್ಣಿಗೆ ಕಾಣದ ಸಸ್ಯಗಳು ಕಡಿಮೆ, ಅವನ್ನು ತಿನ್ನುವ ಸೂಕ್ಷ್ಮಪ್ರಾಣಿಗಳು ಇನ್ನೂ ಕಡಿಮೆ, ಅವುಗಳನ್ನು ಅವಲಂಬಿಸಿದ ಮೀನುಗಳು ಮತ್ತೂ ಕಡಿಮೆ. ಆ ನೀರು ಸ್ಫಟಿಕದಂತೆ ತಿಳಿಯಾಗಿರುವುದನ್ನು ಪ್ರವಾಸಿಗರು ಕೊಂಡಾಡುತ್ತಾರೆ. ಆ ತಿಳಿತನವು ವಾಸ್ತವವಾಗಿ ಬಡತನದ ಲಕ್ಷಣ. ನೀರಿನಲ್ಲಿ ಜೀವವು ವಿರಳವಾಗಿರುವುದರಿಂದಲೇ ಅದು ಅಷ್ಟು ತಿಳಿಯಾಗಿದೆ.

ಮೀನಿನ ಕಿವಿಯೊಳಗೆ ಒಂದು ಸಣ್ಣ ಕಲ್ಲು ಇರುತ್ತದೆ. ಮರದ ಕಾಂಡದಲ್ಲಿ ಇರುವಂತೆ ಅದರಲ್ಲಿ ವರ್ಷಕ್ಕೊಂದು ಬಳೆ ಮೂಡುತ್ತದೆ. ಈ ಬಳೆಗಳನ್ನು ಎಣಿಸಿದ ವಿಜ್ಞಾನಿಗಳು ಗ್ರೇಟ್ ಬೇರ್ ಸರೋವರದ ಟ್ರೌಟ್ ಮೀನುಗಳಲ್ಲಿ ಐವತ್ತು ವರ್ಷ ದಾಟಿದವುಗಳನ್ನು ಕಂಡಿದ್ದಾರೆ. ಅಲ್ಲಿನ ಟ್ರೌಟ್ ಮೊದಲ ಸಲ ಮೊಟ್ಟೆಯಿಡುವ ಪ್ರಾಯಕ್ಕೆ ಬರುವುದಕ್ಕೆ ಹನ್ನೆರಡು ಹದಿಮೂರು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಅನಂತರವೂ ಅದು ಪ್ರತಿ ವರ್ಷ ಮೊಟ್ಟೆಯಿಡದು. ಎರಡು ಮೂರು ವರ್ಷಗಳಿಗೊಮ್ಮೆ ಇಡುತ್ತದೆ. ನಮ್ಮ ಕೆರೆಗಳಲ್ಲಿ ಬಿಟ್ಟ ಕಾಟ್ಲಾ ಮರಿ ಒಂದು ವರ್ಷದೊಳಗೆ ಕಿಲೋಗ್ರಾಂ ತೂಗುವುದನ್ನು ಕಂಡ ಕಣ್ಣಿಗೆ ಇದನ್ನು ನಂಬುವುದು ಕಷ್ಟ.

1995ರಲ್ಲಿ ಈ ಸರೋವರದಲ್ಲಿ ಗಾಳಕ್ಕೆ ಬಿದ್ದ ಒಂದು ಟ್ರೌಟ್ ಸುಮಾರು 32.6 ಕಿಲೋಗ್ರಾಂ ತೂಗಿ ವಿಶ್ವದಾಖಲೆಯಾಯಿತು. ಇಂತಹ ಮೀನನ್ನು ಕಂಡವರು ಸರೋವರವು ಸಮೃದ್ಧವಾಗಿದೆಯೆಂದು ತಿಳಿದರೆ ಆಶ್ಚರ್ಯವಿಲ್ಲ. ಆದರೆ ಆ ಗಾತ್ರವು ಸಮೃದ್ಧಿಯ ಫಲವಲ್ಲ, ದೀರ್ಘಕಾಲದ ಉಳಿತಾಯದ ಫಲ. ಅಜ್ಜಿಯೊಬ್ಬಳು ದಿನಕ್ಕೊಂದು ಕಾಸಿನಂತೆ ಕೂಡಿಟ್ಟು ತುಂಬಿಸಿದ ಗಡಿಗೆಯನ್ನು ಕಂಡು ಆ ಮನೆಗೆ ದೊಡ್ಡ ವರಮಾನವಿದೆ ಎಂದು ಬಗೆದಂತೆ!

ಇನ್ನೂ ಒಂದು ಸೋಜಿಗವುಂಟು. ಈ ಸರೋವರದ ಲೇಕ್ ಟ್ರೌಟ್ ಒಂದೇ ಬಗೆಯದಲ್ಲ. ಇತ್ತೀಚಿನ ಸಂಶೋಧನೆಯಲ್ಲಿ, ಆಳವಿಲ್ಲದ ನೀರಿನಲ್ಲಿಯೇ ತಲೆಯ ಆಕಾರ, ಈಜುರೆಕ್ಕೆಯ ಉದ್ದ, ಆಹಾರದ ಒಲವು ಇವುಗಳಲ್ಲಿ ಬೇರೆಯಾದ ನಾಲ್ಕು ಬಗೆಗಳನ್ನು ಗುರುತಿಸಿದ್ದಾರೆ. ಒಂದು ಬಗೆ ಹೆಚ್ಚಾಗಿ ಮೀನುಗಳನ್ನೇ ತಿನ್ನುತ್ತದೆ, ಇನ್ನೊಂದು ಸಿಕ್ಕಿದ್ದನ್ನೆಲ್ಲ ತಿನ್ನುತ್ತದೆ. ಹಿಮವು ಸರಿದ ಮೇಲಿನ ಅಲ್ಪಕಾಲದಲ್ಲಿ ಒಂದೇ ಜಾತಿಯು ಹೀಗೆ ಕವಲೊಡೆಯುತ್ತಿರುವುದು ಜೀವವಿಕಾಸವನ್ನು ಅರಿಯಬಯಸುವವರಿಗೆ ದೊರೆತ ತೆರೆದ ಪುಸ್ತಕ. ಅಂತಹ ಪುಸ್ತಕಕ್ಕೆ ಎರಡನೆಯ ಪ್ರತಿ ಇರುವುದಿಲ್ಲ.

ಅಸಲಿಗೆ ಕೈ ಹಾಕಿದವರು

ಈಗ ಬಡ್ಡಿಯ ಮಾತಿಗೆ ಬರೋಣ. ಒಬ್ಬನು 1,000 ರೂಪಾಯಿಯನ್ನು ನೂರಕ್ಕೆ 20ರ ಬಡ್ಡಿಗೆ ಇಟ್ಟಿದ್ದಾನೆ. ಇನ್ನೊಬ್ಬನು 1,00,000 ರೂಪಾಯಿಯನ್ನು ಸಾವಿರಕ್ಕೆ 1ರ ಬಡ್ಡಿಗೆ ಇಟ್ಟಿದ್ದಾನೆ ಎನ್ನೋಣ. ವರ್ಷದ ಕೊನೆಗೆ ಮೊದಲನೆಯವನಿಗೆ 200 ರೂಪಾಯಿ ದೊರೆಯುತ್ತದೆ, ಎರಡನೆಯವನಿಗೆ 100 ಮಾತ್ರ. ಎರಡನೆಯವನು ತನ್ನನ್ನು ಲಕ್ಷಾಧೀಶನೆಂದು ಬಗೆದು ವರ್ಷಕ್ಕೆ 10,000 ಖರ್ಚು ಮಾಡತೊಡಗಿದರೆ ಹತ್ತು ಹನ್ನೊಂದು ವರ್ಷ ವೈಭವದಿಂದ ಬದುಕುವನು; ಆಮೇಲೆ ಭಿಕಾರಿಯಾಗುವನು. ವೈಭವದ ಆ ವರ್ಷಗಳಲ್ಲಿ ಅವನಿಗೆ ಬುದ್ಧಿ ಹೇಳಲು ಹೋದವರು ಹುಚ್ಚರಂತೆ ಕಾಣುವರು.

ಇದು ಬರಿಯ ಕಲ್ಪನೆಯಲ್ಲ. ದಕ್ಷಿಣದಲ್ಲಿರುವ ಗ್ರೇಟ್ ಸ್ಲೇವ್ ಸರೋವರದಲ್ಲಿ 1945ರಲ್ಲಿ ದೊಡ್ಡ ಪ್ರಮಾಣದ ವಾಣಿಜ್ಯ ಮೀನುಗಾರಿಕೆ ಆರಂಭವಾಯಿತು. ಮೊದಲ ವರ್ಷಗಳಲ್ಲಿ ಬಲೆಗಳ ತುಂಬ ಟ್ರೌಟ್ ಬಂದವು. ಕೆಲವು ದಶಕಗಳೊಳಗಾಗಿ ಆ ಸರೋವರದ ಪಶ್ಚಿಮ ಭಾಗದಲ್ಲಿ ಟ್ರೌಟ್ ಹೆಸರಿಗಷ್ಟೇ ಉಳಿದು, ಮೀನುಗಾರರು ಬೇಗ ಬೆಳೆಯುವ ವೈಟ್‌ಫಿಶ್ಶನ್ನೇ ನೆಚ್ಚಬೇಕಾಯಿತು. ಅದೇ ಕಾಲದಲ್ಲಿ ಗ್ರೇಟ್ ಬೇರ್ ಸರೋವರವನ್ನೂ ವಿಜ್ಞಾನಿಗಳು ಸಮೀಕ್ಷೆ ಮಾಡಿದರು. ಅಲ್ಲಿನ ಮೀನುಗಳ ಬೆಳವಣಿಗೆ ತೀರ ಮಂದವೆಂಬುದನ್ನು ಅವರು ಕಂಡುಕೊಂಡರು. ಆ ಸರೋವರವು ದೊಡ್ಡ ವಾಣಿಜ್ಯ ಮೀನುಗಾರಿಕೆಗೆ ತೆರೆದುಕೊಳ್ಳದೆ ಉಳಿಯಿತು. ಗಾಳ ಹಾಕುವ ಹವ್ಯಾಸಿಗಳ ವಸತಿಗಳು ಅಲ್ಲಿ ಬಂದುದು ಅನಂತರದ ಮಾತು. ದೊಡ್ಡ ಮೀನುಗಳನ್ನು ಮನೆಗೆ ಒಯ್ಯುವ ಹಂಬಲಕ್ಕೂ ಕಡಿವಾಣ ಹಾಕಬೇಕಾಯಿತು. ಹಿಮ್ಮುಳ್ಳಿಲ್ಲದ ಗಾಳದಿಂದ ಹಿಡಿದು, ಚಿತ್ರ ತೆಗೆದು, ಮತ್ತೆ ನೀರಿಗೆ ಬಿಡುವುದು ಈಗ ಅಲ್ಲಿನ ರೂಢಿ.

ಆದರೆ ಇದೇ ಸರೋವರದ ಪೂರ್ವ ದಡದಲ್ಲಿ ನಡೆದ ಇನ್ನೊಂದು ಕಥೆಯಲ್ಲಿ ಯಾರೂ ತಡೆದು ಯೋಚಿಸಲಿಲ್ಲ. ಭೌತಶಾಸ್ತ್ರದ ಅಧ್ಯಾಪಕರಾದ ನಾವು ಅದನ್ನು ಮುಚ್ಚಿಡುವಂತಿಲ್ಲ. 1930ರಲ್ಲಿ ಗಿಲ್ಬರ್ಟ್ ಲಬೈನ್ ಎಂಬವನು ಅಲ್ಲಿನ ಬಂಡೆಗಳಲ್ಲಿ ಪಿಚ್‌ಬ್ಲೆಂಡ್ ಅದಿರನ್ನು ಕಂಡುಹಿಡಿದನು. ಒಂದು ಗ್ರಾಂ ರೇಡಿಯಂ ಹತ್ತಾರು ಸಾವಿರ ಡಾಲರುಗಳಿಗೆ ಮಾರಾಟವಾಗುತ್ತಿದ್ದ ಕಾಲವದು. ಪೋರ್ಟ್ ರೇಡಿಯಂ ಎಂಬ ಹೆಸರಿನ ಗಣಿಯೂರು ಎದ್ದಿತು. 1942ರಿಂದ ಅದೇ ಗಣಿಯ ಯುರೇನಿಯಂ, ಕಾಂಗೋ ದೇಶದ ಅದಿರಿನೊಡನೆ, ಅಮೆರಿಕದ ಅಣುಬಾಂಬ್ ಯೋಜನೆಗೆ ಒದಗಿತು. ಅದಿರನ್ನು ತುಂಬಿದ ಚೀಲಗಳನ್ನು ಡೆನೆ ಜನರು ಬೆನ್ನ ಮೇಲೆ ಹೊತ್ತು ದೋಣಿಗಳಿಗೆ ಏರಿಸಿದರು. ತಾವು ಹೊರುತ್ತಿರುವುದು ಏನೆಂದು ಅವರಿಗೆ ಯಾರೂ ತಿಳಿಸಿರಲಿಲ್ಲ. ಗಣಿಯ ಕಸ ಸರೋವರದ ನೀರಿಗೂ ದಡಕ್ಕೂ ಬಿತ್ತು. 1960ರಲ್ಲಿ ಯುರೇನಿಯಂ ಗಣಿಗಾರಿಕೆ ನಿಂತಿತು. ಆ ಚೀಲಗಳನ್ನು ಹೊತ್ತವರಲ್ಲಿ ಅನೇಕರು ಮುಂದೆ ಕ್ಯಾನ್ಸರಿನಿಂದ ಸತ್ತರೆಂಬುದು ಡೆಲಿನೆಯ ಜನರ ನೋವು. 2005ರ ಜಂಟಿ ವರದಿಯು ಸಾವುಗಳಿಗೂ ಗಣಿಗೂ ನೇರ ಸಂಬಂಧವನ್ನು ಖಚಿತವಾಗಿ ಹೇಳಲಾಗದೆಂದಿತು. 1998ರಲ್ಲಿ ಡೆಲಿನೆಯ ಕೆಲವರು ಹಿರೋಷಿಮಾಕ್ಕೆ ಹೋಗಿ ಅಲ್ಲಿನವರನ್ನು ಕಂಡು ತಮ್ಮ ದುಃಖವನ್ನು ತಿಳಿಸಿದರು. ತಿಳಿಯದೆ ಚೀಲ ಹೊತ್ತವರ ಮಕ್ಕಳು ಕ್ಷಮೆ ಕೇಳಲು ಹೋದರು. ತಿಳಿದು ಹೊರಿಸಿದವರ ಮಾತನ್ನು ಏನೆನ್ನೋಣ?

ರೇಡಿಯಂನ ಅರ್ಧಾಯುಷ್ಯ 1,600 ವರ್ಷ ಎಂದು ನಾವು ತರಗತಿಯಲ್ಲಿ ಬರೆಸುತ್ತೇವೆ. ಗಣಿಯ ಆಯುಷ್ಯ ಮೂವತ್ತು ವರ್ಷಕ್ಕೂ ಕಡಿಮೆ. ನೀರು ಬದಲಾಗಲು ನೂರ ಮೂವತ್ತು ವರ್ಷ. ಮೀನಿಗೆ ಐವತ್ತು. ಈ ನಾಲ್ಕು ಅಂಕಿಗಳನ್ನು ಒಂದೇ ಹಾಳೆಯ ಮೇಲೆ ಬರೆದು ನೋಡಿದವರು ಅಂದು ಇರಲಿಲ್ಲವೆಂಬುದೇ ನಮ್ಮ ಆಕ್ಷೇಪಣೆ. ಅಂಕಿಗಳು ತಿಳಿಯದೆ ಆದ ತಪ್ಪು ಇದಲ್ಲ. ಒಂದರ ಪಕ್ಕದಲ್ಲಿ ಇನ್ನೊಂದನ್ನು ಇಡದೆ ಆದ ತಪ್ಪು.

ಒಂದು ಆಕ್ಷೇಪ, ಒಂದು ಉತ್ತರ

ಇಷ್ಟು ಕೇಳಿದವರು ಹೀಗೆ ಹೇಳಬಹುದು: ಅಷ್ಟು ದೂರದ ಸರೋವರವನ್ನು ಮುಟ್ಟದೆ ಹಾಗೆಯೇ ಬಿಡಬೇಕೆ? ಮನುಷ್ಯನ ಹಸಿವಿಗೆ ಬೆಲೆಯಿಲ್ಲವೆ? ನಾವು ಹೇಳುವುದು ಹಾಗಲ್ಲ. ಡೆನೆ ಜನರು ತಲೆತಲಾಂತರದಿಂದ ಆ ಸರೋವರದ ಮೀನನ್ನು ತಿಂದೇ ಬದುಕಿದ್ದಾರೆ. ಮೀನು ಅವರಿಗೆ ಮೋಜಲ್ಲ, ಅನ್ನ. ಅವರು ಬಡ್ಡಿಯಲ್ಲಿ ಬದುಕಿದರು, ಅಸಲನ್ನು ಮುಟ್ಟಲಿಲ್ಲ. ಸರೋವರದ ಆಳದಲ್ಲಿ ಒಂದು ಹೃದಯ ಮಿಡಿಯುತ್ತಿದೆ, ಅದೇ ಎಲ್ಲ ಜೀವಕ್ಕೂ ಆಧಾರ ಎಂಬುದು ಅವರ ಹಿರಿಯರ ನಂಬಿಕೆ. ಉಷ್ಣಮಾಪಕವನ್ನು ಇಳಿಸಿ ನೋಡುವ ನಾವು ಅಲ್ಲಿ ಹೃದಯವನ್ನು ಕಾಣೆವು, 3.2 ಡಿಗ್ರಿಯನ್ನು ಕಾಣುತ್ತೇವೆ. ಆದರೆ ಆ ನಂಬಿಕೆಯಿಂದ ಹೊರಟ ನಡತೆಗೂ ನಮ್ಮ ಲೆಕ್ಕದಿಂದ ಹೊರಡಬೇಕಾದ ನಡತೆಗೂ ಹೆಚ್ಚು ಭೇದವಿಲ್ಲ. 2016ರಲ್ಲಿ ಯುನೆಸ್ಕೊ ಸಂಸ್ಥೆಯು ಈ ಸರೋವರ ಮತ್ತು ಸುತ್ತಣ ಪ್ರದೇಶವನ್ನು ಟ್ಸಾ ಟುವೆ ಎಂಬ ಹೆಸರಿನ ಜೀವಗೋಳ ಮೀಸಲು ಪ್ರದೇಶವೆಂದು ಮನ್ನಿಸಿತು. ಅದೇ ವರ್ಷ ಡೆಲಿನೆಯ ಜನರು ತಮ್ಮದೇ ಸ್ವಯಮಾಡಳಿತವನ್ನೂ ಪಡೆದರು. ನೀರಿನ ಜೊತೆಯಲ್ಲಿ ಬಾಳುವವರ ಕೈಗೇ ನೀರಿನ ಲೆಕ್ಕವು ಬಂದುದು ಒಳ್ಳೆಯದೆಂದು ನಾವು ಭಾವಿಸುತ್ತೇವೆ.

ಆದರೂ ಆತಂಕ ಮುಗಿದಿಲ್ಲ. ಆರ್ಕ್ಟಿಕ್ ಪ್ರದೇಶವು ಭೂಮಿಯ ಸರಾಸರಿಗಿಂತ ಹಲವು ಪಟ್ಟು ವೇಗವಾಗಿ ಬಿಸಿಯಾಗುತ್ತಿದೆ. ಮಂಜುಗಡ್ಡೆ ಬೇಗ ಕರಗಿದರೆ, ನಡುನೀರು 4 ಡಿಗ್ರಿಯನ್ನು ದಾಟಿ ಮೇಲೇರಿದರೆ, ಎಂಟು ಸಾವಿರ ವರ್ಷಗಳಿಂದ ಚಳಿಯನ್ನೇ ನಂಬಿ ಬೆಳೆದ ಟ್ರೌಟಿನ ಗತಿಯೇನು? ಬೆಚ್ಚಗಾದರೆ ಬಡ್ಡಿ ಹೆಚ್ಚುವುದಲ್ಲವೆ ಎಂದು ಚುರುಕು ಬುದ್ಧಿಯ ವಿದ್ಯಾರ್ಥಿಯೊಬ್ಬನು ಕೇಳಬಹುದು. ಕೆಲವು ಮೀನುಗಳಿಗೆ ಹಾಗೆಯೂ ಆಗಬಹುದು. ಆದರೆ ಬಡ್ಡಿಯ ದರ ಬದಲಾದಾಗ ಅಸಲಿನ ಒಡೆಯನೂ ಬದಲಾಗುವುದುಂಟು. ಟ್ರೌಟಿನ ಮನೆಯು ಪೈಕಿನ ಮನೆಯಾದರೆ ಅದು ಟ್ರೌಟಿಗೆ ಲಾಭವೆನಿಸದು.

ಇದನ್ನು ಬರೆಯುತ್ತಿರುವ ನಾವು ಆ ಸರೋವರವನ್ನು ಕಣ್ಣಾರೆ ಕಂಡವರಲ್ಲ; ಓದುವ ನಿಮ್ಮಲ್ಲಿಯೂ ಹೆಚ್ಚಿನವರು ಕಾಣಲಾರಿರಿ. ಆದರೂ ಅದರಿಂದ ಕಲಿತದ್ದನ್ನು ಎಲ್ಲಿ ಬೇಕಾದರೂ ಬಳಸಬಹುದು. ಪ್ರಕೃತಿಯ ಯಾವ ಸಂಪತ್ತಿನ ಬಗ್ಗೆ ಯಾರು ದೊಡ್ಡ ಅಂಕಿಯನ್ನು ಹೇಳಿದರೂ, ಮೆಚ್ಚಿ ತಲೆದೂಗುವ ಮೊದಲು ಕೇಳಿ: ಇದು ವರ್ಷಕ್ಕೆ ಎಷ್ಟು ಬೆಳೆಯುತ್ತದೆ? ನಾವು ವರ್ಷಕ್ಕೆ ಎಷ್ಟು ತೆಗೆಯುತ್ತೇವೆ? ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿ ಬರೆಯದೆ ಕೊಟ್ಟ ಲೆಕ್ಕ ಯಾವುದೇ ಇರಲಿ, ಅದನ್ನು ಒಪ್ಪಬೇಡಿ. ಪರೀಕ್ಷೆಯಲ್ಲಿ ಅರ್ಧ ಲೆಕ್ಕ ಮಾಡಿದವನಿಗೆ ಅರ್ಧ ಅಂಕ ಕೊಡುವುದುಂಟು. ಪ್ರಕೃತಿಯ ಪರೀಕ್ಷೆಯಲ್ಲಿ ಆ ಕ್ರಮವಿಲ್ಲ.